ಶುಶ್ರೂಷೆಗೆ ರಹದಾರಿ, ಸಂಸಾರಕ್ಕೆ ತಡೆ

2024ನೆಯ ಇಸವಿಯ ಮಾರ್ಚ್ ತಿಂಗಳ 10ನೆಯ ತಾರೀಖು ಭಾನುವಾರದವರೆಗೆ, ಇಂಗ್ಲೆಂಡಿನ ಯಾವುದಾದರೊಂದು ಕೇರ್ ಹೋಮಿನಲ್ಲಿ ವೃದ್ಧರ ಆರೈಕೆಗೆಂದು ನೇಮಕಗೊಂಡು ವೀಸಾಕ್ಕೆ ಅರ್ಜಿ ಸಲ್ಲಿಸಿದ ಹೊರದೇಶದ ಹೆಂಗಸಿಗೆ, ತನ್ನ ಗಂಡನನ್ನೂ ಹದಿನೆಂಟು ತುಂಬದ ಮಕ್ಕಳನ್ನೂ ಜೊತೆಗೆ ಕರೆದೊಯ್ಯುವ ಅವಕಾಶವಿದ್ದಿತು. ಅದೇ ಕೇರ್ ಹೋಮಿಗೆ, ಅದೇ ಸಂಬಳಕ್ಕೆ, ಅದೇ ಪಾಳಿಗೆ ನೇಮಕಗೊಂಡು ಮರುದಿನ ಸೋಮವಾರ ಅರ್ಜಿ ಸಲ್ಲಿಸಿದವಳಿಗೆ ಆ ಅವಕಾಶ ಇಲ್ಲವಾಯಿತು. ಈ ಎರಡು ದಿನಗಳ ನಡುವೆ ಕೆಲಸದ ಸ್ವರೂಪದಲ್ಲಾಗಲಿ, ಕೆಲಸ ಮಾಡತಕ್ಕವಳ ಯೋಗ್ಯತೆಯಲ್ಲಾಗಲಿ, ಆಕೆಯನ್ನು ನೆಚ್ಚಿಕೊಂಡ ವೃದ್ಧರ ಅಗತ್ಯದಲ್ಲಾಗಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಬದಲಾದದ್ದು ವಲಸೆ ನಿಯಮಾವಳಿಯ ಒಂದು ಕಲಮು. ಆ ಕಲಮು ಎಲ್ಲಿಂದ ಬಂದಿತು, ಯಾರ ಮೇಲೆ ಬಿದ್ದಿತು, ಅದರ ಹಿಂದಿನ ತರ್ಕವೇನು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ಭಾರತದ ರಾಜ್ಯಗಳ ಮುಂಚೂಣಿಯಲ್ಲಿರುವ ಕರ್ನಾಟಕದಲ್ಲಿ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಹುಡುಗಿಯರು ಒಂದೆರಡು ವರ್ಷದ ಅನುಭವಪತ್ರ ಸಂಪಾದಿಸಿಕೊಂಡು ಹೊರದೇಶದ ಹಾದಿ ನೋಡುವುದು ಈಗ ಅಪೂರ್ವ ಸಂಗತಿಯಲ್ಲ. ಕೊಲ್ಲಿಯ ನಂಟು ತಲೆಮಾರುಗಳಿಂದ ಇರುವ ನಮ್ಮ ಕರಾವಳಿಯ ಮನೆಗಳಿಗಂತೂ ‘ಫ್ಯಾಮಿಲಿ ವೀಸಾ’ ಎಂಬ ಮಾತಿನ ಭಾರ ಚೆನ್ನಾಗಿ ಗೊತ್ತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ತಿಂಗಳಿಗೆ 4,000 ದಿರಮ್, ಅಥವಾ 3,000 ದಿರಮ್ ಮತ್ತು ವಸತಿ ಸಂಪಾದಿಸುವವನು ಮಾತ್ರ ಸಂಸಾರವನ್ನು ಕರೆಸಿಕೊಳ್ಳಬಹುದೆಂಬ ನಿಯಮವನ್ನು ಕರಾವಳಿಯ ಅನೇಕ ಗೃಹಿಣಿಯರು ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಕೊಲ್ಲಿಗೆ ಹೋಗುವವರು ಎಂದಾದರೊಂದು ದಿನ ಹಿಂದಿರುಗುವೆವೆಂದೇ ಹೋಗುತ್ತಾರೆ; ಬ್ರಿಟನ್ ಮತ್ತು ಐರ್ಲೆಂಡುಗಳಿಗೆ ಹೋಗುವವರ ಲೆಕ್ಕಾಚಾರ ಬೇರೆ. ಇಷ್ಟು ವರ್ಷ ದುಡಿದರೆ ಅಲ್ಲಿಯೇ ನೆಲೆಸುವ ಹಕ್ಕು ದೊರೆಯುತ್ತದೆ, ಮಕ್ಕಳು ಅಲ್ಲಿಯ ಶಾಲೆಯಲ್ಲಿ ಓದುತ್ತಾರೆ ಎಂಬ ಭರವಸೆಯಿಂದ, ಇದ್ದ ಚಿನ್ನವನ್ನು ಅಡವಿಟ್ಟೋ ಬ್ಯಾಂಕಿನ ಸಾಲ ಎತ್ತಿಯೋ ಅವರು ಹೊರಡುತ್ತಾರೆ. ಆದುದರಿಂದ ಅಲ್ಲಿಯ ನಿಯಮದ ಒಂದು ತಿದ್ದುಪಡಿ ಇಲ್ಲಿಯ ಸಂಸಾರವೊಂದರ ಹತ್ತು ವರ್ಷದ ಯೋಜನೆಯನ್ನೇ ಬುಡಮೇಲು ಮಾಡುತ್ತದೆ.

ಹೊರಗಿನಿಂದ ಬಂದ ಕೈಗಳ ಮೇಲೆ ಬ್ರಿಟನ್ನಿನ ಆರೋಗ್ಯವ್ಯವಸ್ಥೆ ನಿಂತದ್ದು ಇಂದು ನಿನ್ನೆಯ ಮಾತಲ್ಲ. ಎಲ್ಲರ ಬಾಯಲ್ಲಿ ಎನ್.ಎಚ್.ಎಸ್. ಎಂದು ರೂಢವಾಗಿರುವ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಆರಂಭವಾದಾಗಲೇ ದಾದಿಯರ ಕೊರತೆಯಿದ್ದಿತು. ಆ ಕೊರತೆಯನ್ನು ನೀಗಲು ಐರ್ಲೆಂಡಿನಿಂದಲೂ ಕೆರಿಬಿಯನ್ ದ್ವೀಪಗಳಿಂದಲೂ ತರುಣಿಯರು ಬಂದರು, ಮುಂದಿನ ದಶಕಗಳಲ್ಲಿ ಭಾರತ, ಪಾಕಿಸ್ತಾನಗಳ ವೈದ್ಯರು ಬಂದರು. 1962ರ ಕಾಮನ್‌ವೆಲ್ತ್ ವಲಸೆ ಕಾಯಿದೆ ಈ ಆಗಮನವನ್ನು ಮೊದಲ ಬಾರಿಗೆ ಕಟ್ಟಿಹಾಕಿ, ಕಾರ್ಮಿಕ ಖಾತೆಯ ವೋಚರ್ ಇದ್ದವರಿಗೆ ಮಾತ್ರ ಕೆಲಸಕ್ಕಾಗಿ ಪ್ರವೇಶ ಎಂದು ವಿಧಿಸಿತು. ವಲಸೆಯನ್ನು ತಗ್ಗಿಸುವುದಕ್ಕೆಂದೇ ಹುಟ್ಟಿದ ಕಾಯಿದೆ ಅದು. ಆದರೂ ಬಂದವನ ಹೆಂಡತಿಯನ್ನೂ ಹದಿನಾರು ತುಂಬದ ಮಕ್ಕಳನ್ನೂ ತಡೆಯಲು ಅದು ಕೈಹಾಕಲಿಲ್ಲ. ದುಡಿಯುವವನನ್ನು ಬರಮಾಡಿಕೊಂಡ ಮೇಲೆ ಅವನ ಮನೆಯವರನ್ನು ಬಾಗಿಲ ಹೊರಗೆ ನಿಲ್ಲಿಸಲಾಗದೆಂಬ ತಿಳಿವು, ಅಷ್ಟು ಕಠಿಣವಾದ ಕಾಲದಲ್ಲಿಯೂ, ಶಾಸನಕರ್ತರಿಗೆ ಇದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು.

ಆದರೆ ಆ ತಿಳಿವು ಗಂಡಸನ್ನು ಮಾತ್ರ ಎಣಿಕೆಯಲ್ಲಿಟ್ಟುಕೊಂಡದ್ದು. ಹೆಂಗಸು ದುಡಿಯಲು ಬಂದು ಗಂಡನನ್ನು ಕರೆಸಿಕೊಳ್ಳುವುದಾದರೆ ಏನು ಗತಿ? ಈ ಪ್ರಶ್ನೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ಬಂದದ್ದು ಮೂವರು ಹೆಂಗಸರ ಮೊಕದ್ದಮೆಯಾಗಿ. ಆ ಮೂವರಲ್ಲಿ ಕಬಾಲೆಸ್ ಎಂಬಾಕೆ, ಫಿಲಿಪೀನ್ಸಿನಿಂದ 1967ರಲ್ಲಿ ವರ್ಕ್ ಪರ್ಮಿಟ್ ಹಿಡಿದು ಬಂದು ಆಸ್ಪತ್ರೆಯ ಶುಶ್ರೂಷೆಯ ಕೆಲಸಕ್ಕೆ ಸೇರಿದವಳು. ವಲಸೆ ಬಂದ ಗಂಡಸಿಗೆ ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭವಾಗಿದ್ದು, ಹೆಂಗಸಿಗೆ ಗಂಡನನ್ನು ಕರೆಸಿಕೊಳ್ಳುವುದು ದುಸ್ಸಾಧ್ಯವಾಗಿದ್ದರೆ ಅದು ಲಿಂಗಭೇದವೇ ಸರಿ ಎಂದು ನ್ಯಾಯಾಲಯ 1985ರ ಮೇ 28ರಂದು ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ, ದಂಪತಿಗಳು ಯಾವ ದೇಶದಲ್ಲಿ ಸಂಸಾರ ಹೂಡಬೇಕೆಂದು ಬಯಸುವರೋ ಆ ಬಯಕೆಯನ್ನು ಆ ದೇಶ ನಡೆಸಿಕೊಡಲೇಬೇಕೆಂಬ ಸಾಮಾನ್ಯ ಕಟ್ಟುಪಾಡು ಇಲ್ಲವೆಂದೂ ಹೇಳಿತು. ಬ್ರಿಟಿಷ್ ಸರ್ಕಾರ ಈ ತೀರ್ಪಿಗೆ ಶರಣಾದ ಬಗೆ ಸ್ಮರಣೀಯವಾದದ್ದು: ಹೆಂಗಸಿನ ಹಕ್ಕನ್ನು ಗಂಡಸಿನ ಹಕ್ಕಿನ ಮಟ್ಟಕ್ಕೆ ಏರಿಸುವುದಕ್ಕೆ ಬದಲಾಗಿ, ಗಂಡಸಿಗಿದ್ದ ಸೌಕರ್ಯವನ್ನೇ ಕಿತ್ತುಕೊಂಡು ಇಬ್ಬರನ್ನೂ ಸಮಾನರನ್ನಾಗಿ ಮಾಡಿತು.

ಇನ್ನು ಇಂದಿನ ಏರ್ಪಾಡಿಗೆ ಬರೋಣ. ಕೊರೋನಾ ಸಾಂಕ್ರಾಮಿಕದ ನಡುವೆ, 2020ರ ಆಗಸ್ಟಿನಲ್ಲಿ, ವೈದ್ಯರು, ದಾದಿಯರು ಮೊದಲಾದವರಿಗಾಗಿ ‘ಹೆಲ್ತ್ ಅಂಡ್ ಕೇರ್ ವರ್ಕರ್’ ಎಂಬ ವೀಸಾ ಜಾರಿಗೆ ಬಂದಿತು. ಇದರ ಶುಲ್ಕ ಕಡಮೆ. ಇತರ ವೀಸಾದವರು ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡಿನಂತೆ ಮುಂಗಡವಾಗಿ ತೆರಬೇಕಾದ ಆರೋಗ್ಯ ಸರ್ಚಾರ್ಜು ಇವರಿಗೆ ಇಲ್ಲ. ಆದರೆ ಈ ವೀಸಾ ಕೈಗೆ ಬರಬೇಕಾದರೆ, ಕೆಲಸ ಕೊಡುವ ಸಂಸ್ಥೆ ಅಲ್ಲಿಯ ಗೃಹಖಾತೆಯಿಂದ ಸ್ಪಾನ್ಸರ್ ಲೈಸೆನ್ಸು ಪಡೆದಿರಬೇಕು. ಆ ಸಂಸ್ಥೆ ನೇಮಕಗೊಂಡವರ ಹೆಸರಿನಲ್ಲಿ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಎಂಬ ದಾಖಲೆಯನ್ನು ಹೊರಡಿಸಬೇಕು. ಸಿ.ಓ.ಎಸ್. ಎಂದು ನಮ್ಮ ಹುಡುಗಿಯರು ಹೇಳುವುದು ಇದನ್ನೇ. ಅದರಲ್ಲಿ ಸಂಬಳ, ವಾರದ ಗಂಟೆ, ಕೆಲಸದ ಸ್ಥಳ ಇವುಗಳ ಜೊತೆಗೆ ನಾಲ್ಕು ಅಂಕಿಯ ಒಂದು ಉದ್ಯೋಗ ಸಂಕೇತ ನಮೂದಾಗಿರುತ್ತದೆ. ನೋಂದಾಯಿತ ದಾದಿಯರಿಗೆ 2231ರಿಂದ 2237ರವರೆಗಿನ ಸಂಕೇತಗಳು, ಕೇರ್ ವರ್ಕರಿಗೆ 6135, ಸೀನಿಯರ್ ಕೇರ್ ವರ್ಕರಿಗೆ 6136. ನೇಮಕಪತ್ರವನ್ನು ಓದುವಾಗ ನಮ್ಮವರ ಕಣ್ಣು ಮೊದಲು ಹೋಗುವುದು ಸಂಬಳದ ಕಡೆಗೆ. ಸಂಸಾರವಂದಿಗರು ಮೊದಲು ನೋಡತಕ್ಕದ್ದು ಈ ನಾಲ್ಕು ಅಂಕಿಗಳನ್ನು. ಮಗು ತಾಯಿಯ ಜೊತೆ ಬೆಳೆಯುತ್ತದೆಯೋ ಅಜ್ಜಿಯ ಜೊತೆ ಬೆಳೆಯುತ್ತದೆಯೋ ಎಂಬುದು ಈಗ ನಿರ್ಧಾರವಾಗುವುದು ಅಲ್ಲಿಯೇ.

ದಾದಿಯಾಗಿ ಹೋಗುವವಳ ಹಾದಿ ದೀರ್ಘವಾದದ್ದು, ಆದರೆ ಭದ್ರವಾದದ್ದು. ಐ.ಇ.ಎಲ್.ಟಿ.ಎಸ್. ಅಥವಾ ಓ.ಇ.ಟಿ. ಎಂಬ ಇಂಗ್ಲಿಷ್ ಪರೀಕ್ಷೆ, ಭಾರತದಲ್ಲಿಯೇ ಬರೆಯಬಹುದಾದ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ರೋಗಿಯ ಮಗ್ಗುಲಲ್ಲಿ ಹೇಗೆ ನಡೆದುಕೊಳ್ಳುವಳೆಂಬುದನ್ನು ಪರೀಕ್ಷಿಸುವ ಓಸ್ಕಿ, ಇವೆಲ್ಲವನ್ನೂ ದಾಟಿ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲಿನಲ್ಲಿ ಹೆಸರು ದಾಖಲಾದರೆ ಆಕೆ ಎನ್.ಎಚ್.ಎಸ್.ನ ಐದನೆಯ ಬ್ಯಾಂಡಿಗೆ ಸೇರುತ್ತಾಳೆ. ಇಂಗ್ಲೆಂಡಿನಲ್ಲಿ 2025–26ನೆಯ ಸಾಲಿಗೆ ಅದರ ಆರಂಭದ ವಾರ್ಷಿಕ ಸಂಬಳ 31,049 ಪೌಂಡು. ಆಕೆಯ ಗಂಡನೂ ಮಕ್ಕಳೂ ಡಿಪೆಂಡೆಂಟ್ ವೀಸಾದ ಮೇಲೆ ಜೊತೆಗೇ ಹೋಗಬಹುದು, ಗಂಡ ಅಲ್ಲಿ ಪ್ರತ್ಯೇಕ ಪರ್ಮಿಟ್ಟಿಲ್ಲದೆ ಸರಿಸುಮಾರು ಯಾವ ಕೆಲಸವನ್ನಾದರೂ ಮಾಡಬಹುದು. ನಿಯಮಗಳು ಎಷ್ಟು ಬಿಗಿಯಾದರೂ ಇಂದಿಗೂ ಈ ಸೌಕರ್ಯ ದಾದಿಯರಿಗೆ ಉಳಿದಿದೆ.

ಆದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಬೇಕಾದ ಅಂಕ ಒಂದು ಅರೆಯಂಶದಿಂದ ತಪ್ಪಿಹೋದವರು, ಪರೀಕ್ಷೆಯ ಶುಲ್ಕವನ್ನು ಮತ್ತೆ ಮತ್ತೆ ಕಟ್ಟಲಾರದವರು, ಮಕ್ಕಳಾದ ಮೇಲೆ ವೃತ್ತಿಯಿಂದ ಐದಾರು ವರ್ಷ ದೂರವಿದ್ದವರು, ಇಂಥವರು ನರ್ಸಿಂಗ್ ಪದವಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಕೇರ್ ವರ್ಕರಾಗಿ ಹೋದದ್ದುಂಟು. ಅವರ ಕೆಲಸ ಎಂಥದೆಂಬುದನ್ನು ದೂರದಿಂದ ಊಹಿಸುವುದು ಕಷ್ಟ. ಬೆಳಗಿನ ಪಾಳಿಗೆ ಬಂದವಳು ಮೊದಲು ರಾತ್ರಿಯವಳಿಂದ ಹ್ಯಾಂಡೋವರ್ ಪಡೆಯುತ್ತಾಳೆ: ಯಾರು ನಿದ್ರಿಸಲಿಲ್ಲ, ಯಾರು ನೀರು ಕುಡಿಯಲಿಲ್ಲ, ಯಾರ ಬೆನ್ನಿನ ಚರ್ಮ ಕೆಂಪಾಗಿದೆ. ಆಮೇಲೆ ಎದ್ದು ನಿಲ್ಲಲಾರದ ಅಜ್ಜನ ಕಾಲು ಬೆನ್ನುಗಳ ಕೆಳಗೆ ಜೋಲಿಯಂಥ ಪಟ್ಟಿಯನ್ನು ತೂರಿಸಿ, ಹಾಯಿಸ್ಟ್ ಎಂಬ ಎತ್ತುವ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಇನ್ನೊಬ್ಬಳ ನೆರವಿನಿಂದ ಆತನನ್ನು ಹಾಸಿಗೆಯಿಂದ ಕುರ್ಚಿಗೆ ಇಳಿಸಬೇಕು. ಒಬ್ಬಳೇ ಇದನ್ನು ಮಾಡಕೂಡದು; ಮಾಡಿ ಆತ ಜಾರಿಬಿದ್ದರೆ ಹೊಣೆ ಅವಳದು. ನುಂಗಲು ಕಷ್ಟಪಡುವ ಅಜ್ಜಿಗೆ ಚಹಾಕ್ಕೆ ಗಟ್ಟಿಮಾಡುವ ಪುಡಿ ಬೆರೆಸಿ ಚಮಚದಿಂದ ಕುಡಿಸಬೇಕು, ಗುಟುಕು ಇಳಿಯಿತೆಂದು ಗಂಟಲನ್ನು ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಮತ್ತೊಂದು ಚಮಚ. ಮರೆವಿನ ಕಾಯಿಲೆಯವಳೊಬ್ಬಳು ಇವಳನ್ನು ತನ್ನ ತಂಗಿಯೆಂದು ಕರೆದರೆ ಓಗೊಡಬೇಕು, ಮರುಗಳಿಗೆಯಲ್ಲಿ ಕಳ್ಳಿಯೆಂದು ಕೂಗಿ ಕೈ ಬೀಸಿದರೆ ತಾಳಿಕೊಳ್ಳಬೇಕು. ಮನೆ ಮನೆಗೆ ಹೋಗಿ ಆರೈಕೆ ಮಾಡುವವರದಾದರೆ ಇನ್ನೊಂದು ಪಾಡು: ಒಂದು ಮನೆಗೆ ಹದಿನೈದು ನಿಮಿಷ, ಇನ್ನೊಂದಕ್ಕೆ ಅರ್ಧ ಗಂಟೆ, ನಡುವಣ ದಾರಿಯ ಹೊತ್ತಿಗೆ ಅನೇಕ ಕಡೆ ಕೂಲಿಯೇ ಇಲ್ಲ. ಸರ್ಕಾರದ ವರ್ಗೀಕರಣದಲ್ಲಿ ಇದು ಕೆಳಮಟ್ಟದ ಕೌಶಲದ ಕೆಲಸ. ಹಾಗೆಂದು ಬರೆದವರು ಆ ಚಮಚವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದಿದ್ದರೆ ಬೇರೆ ಮಾತು ಬರೆಯುತ್ತಿದ್ದರೆಂದು ನನ್ನ ದೃಢವಾದ ನಂಬಿಕೆ.

2021ರ ಹೊತ್ತಿಗೆ ಈ ಕೆಲಸಕ್ಕೆ ಜನ ಸಿಗದಂತಾಯಿತು. ಯುರೋಪ್ ಒಕ್ಕೂಟವನ್ನು ತೊರೆದ ಬ್ರಿಟನ್ನಿಗೆ ಅಲ್ಲಿಂದ ಬರುತ್ತಿದ್ದವರು ನಿಂತರು. ಇಂಗ್ಲೆಂಡೊಂದರಲ್ಲಿಯೇ ವಯಸ್ಕರ ಆರೈಕೆಯ ಕ್ಷೇತ್ರದಲ್ಲಿ 2021–22ರಲ್ಲಿ ಸುಮಾರು 1,65,000 ಹುದ್ದೆಗಳು ತೆರವಾಗಿದ್ದವು. ವಲಸೆ ಸಲಹಾ ಸಮಿತಿಯ ಶಿಫಾರಸಿನ ಮೇರೆಗೆ 2022ರ ಫೆಬ್ರುವರಿಯಲ್ಲಿ ಕೇರ್ ವರ್ಕರ ಹುದ್ದೆ ಈ ವೀಸಾದ ವ್ಯಾಪ್ತಿಗೆ ಸೇರಿತು, ಸಂಸಾರವನ್ನು ಕರೆತರುವ ಹಕ್ಕೂ ಅದರೊಡನೆ ಬಂದಿತು. ಬಾಗಿಲು ತೆರೆದೊಡನೆ ಭಾರತ, ನೈಜೀರಿಯಾ, ಜಿಂಬಾಬ್ವೆ ಮೊದಲಾದ ದೇಶಗಳಿಂದ ಜನ ಬಂದರು. 2023ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಆರೈಕೆಯ ಕೆಲಸಕ್ಕೆ ಬಂದವರು ಸುಮಾರು 1,00,000 ಮಂದಿ, ಅವರೊಡನೆ ಬಂದ ಅವಲಂಬಿತರು ಸುಮಾರು 1,20,000 ಮಂದಿ ಎಂದು ಸರ್ಕಾರ ಲೆಕ್ಕ ಮಂಡಿಸಿತು. ದುಡಿಯುವವರಿಗಿಂತ ಅವಲಂಬಿತರೇ ಹೆಚ್ಚಾದರೆಂಬುದು ಪತ್ರಿಕೆಗಳಲ್ಲಿ ದೊಡ್ಡ ದೂರಾಯಿತು. ಆ ಅವಲಂಬಿತರಲ್ಲಿ ಎಷ್ಟೋ ಗಂಡಂದಿರು ಅದೇ ಕೇರ್ ಹೋಮುಗಳಲ್ಲಿಯೂ ಗೋದಾಮುಗಳಲ್ಲಿಯೂ ದುಡಿದು ತೆರಿಗೆ ಕಟ್ಟುತ್ತಿದ್ದರೆಂಬುದು ಅಷ್ಟು ಸುದ್ದಿಯಾಗಲಿಲ್ಲ. 2023ರ ಡಿಸೆಂಬರ್ 4ರಂದು ಅಂದಿನ ಗೃಹಮಂತ್ರಿ ಜೇಮ್ಸ್ ಕ್ಲೆವರ್ಲಿ ಅವರು, ಆರೈಕೆಯ ಕೆಲಸಗಾರರು ಸಂಸಾರವನ್ನು ಕರೆತರುವುದನ್ನು ನಿಲ್ಲಿಸುವ ಹೊಸ ನೀತಿಯನ್ನು ಪಾರ್ಲಿಮೆಂಟಿನಲ್ಲಿ ಸಾರಿದರು. 2024ರ ಮಾರ್ಚ್ 11ರಿಂದ ಅದು ಜಾರಿಗೆ ಬಂದಿತು. ಅದಕ್ಕೆ ಮುಂಚೆ ಆ ವೀಸಾದಲ್ಲಿದ್ದು ಅವಿಚ್ಛಿನ್ನವಾಗಿ ಮುಂದುವರಿದವರಿಗೆ ಹಳೆಯ ಹಕ್ಕು ಉಳಿಯಿತು, ಅಂಥವರು ಸಂಸಾರವನ್ನು ಆಮೇಲೆಯೂ ಕರೆಸಿಕೊಳ್ಳಬಹುದು. ಹೊಸಬರಿಗೆ, ಕೆಲವು ಸಂಕುಚಿತವಾದ ವಿನಾಯಿತಿಗಳನ್ನು ಬಿಟ್ಟರೆ, ಬಾಗಿಲು ಮುಚ್ಚಿತು. ಹೆಲ್ತ್ ಅಂಡ್ ಕೇರ್ ವೀಸಾ ಪಡೆದ ಕೆಲಸಗಾರರು 2023ರಲ್ಲಿ ಸುಮಾರು 1,46,000 ಇದ್ದದ್ದು 2024ರಲ್ಲಿ ಸುಮಾರು 27,000ಕ್ಕೆ ಇಳಿಯಿತು. ಲೈಸೆನ್ಸುಗಳ ಮೇಲಿನ ಬಿಗಿಯಾದ ತಪಾಸಣೆಯೂ ಇದಕ್ಕೆ ಕಾರಣವೆಂಬುದು ನಿಜ.

ಈ ನೀತಿಯ ತರ್ಕವನ್ನು ಕೊಂಚ ಬಿಡಿಸಿ ನೋಡಬೇಕು. ಆರೈಕೆಯ ಕೆಲಸಕ್ಕೆ ಸಂಬಳ ಕಡಮೆ. ಕಡಮೆ ಸಂಬಳದವರ ಸಂಸಾರ ಬಂದರೆ ಶಾಲೆ, ಆಸ್ಪತ್ರೆ, ವಸತಿಗಳ ಮೇಲೆ ಬೀಳುವ ವೆಚ್ಚ ಅವರು ಕಟ್ಟುವ ತೆರಿಗೆಯನ್ನು ಮೀರುತ್ತದೆ. ಆದುದರಿಂದ ದುಡಿಯುವವಳು ಬರಲಿ, ಸಂಸಾರ ಬೇಡ, ಎಂಬುದು ಅದರ ಸಾರ. ಆದರೆ ಸಂಬಳ ಏಕೆ ಕಡಮೆ? ಇಂಗ್ಲೆಂಡಿನಲ್ಲಿ ವೃದ್ಧರ ಮತ್ತು ಅಂಗವಿಕಲರ ಆರೈಕೆಯ ವೆಚ್ಚದ ದೊಡ್ಡ ಪಾಲನ್ನು ಭರಿಸುವುದು ಸ್ಥಳೀಯ ಕೌನ್ಸಿಲುಗಳು. ಕೌನ್ಸಿಲು ಗಂಟೆಗೆ ಇಷ್ಟೆಂದು ಕೊಡುವ ದರದ ಮೇಲೆ ಕೇರ್ ಹೋಮಿನವನು ಕೊಡಬಲ್ಲ ಕೂಲಿ ನಿಂತಿದೆ. ಕೌನ್ಸಿಲಿನ ಕೈ ಎಷ್ಟು ನೀಳವೆಂಬುದು ಕೇಂದ್ರ ಸರ್ಕಾರದ ಅನುದಾನದ ಮೇಲೆ ನಿಂತಿದೆ. ವಲಸೆ ಸಲಹಾ ಸಮಿತಿಯೇ 2022ರ ತನ್ನ ವರದಿಯಲ್ಲಿ, ಈ ಕ್ಷೇತ್ರದ ಮೂಲ ಸಮಸ್ಯೆ ಹೀನವೇತನವೆಂದು ಹೇಳಿ, ಸಾರ್ವಜನಿಕ ಹಣದಿಂದ ನಡೆಯುವ ಆರೈಕೆಗೆ ಶಾಸನಬದ್ಧ ಕನಿಷ್ಠಕ್ಕಿಂತ ಮೇಲಾದ ಗಂಟೆಗೆ 10.50 ಪೌಂಡಿನ ದರವನ್ನು ಶಿಫಾರಸು ಮಾಡಿದ್ದಿತು, ಅದು ನಡೆಯಲಿಲ್ಲ. ಹೀಗಿರುವಾಗ, ಸಂಬಳವನ್ನು ತಗ್ಗಿಸಿಟ್ಟ ಕೈಯೇ ಆ ತಗ್ಗಿದ ಸಂಬಳವನ್ನು ತೋರಿಸಿ ಸಂಸಾರವನ್ನು ನಿರಾಕರಿಸುವುದು, ಬಾವಿಯ ಹಗ್ಗವನ್ನು ತಾನೇ ಗಿಡ್ಡಮಾಡಿಟ್ಟು, ನೀರು ಸೇದಲು ಬಾರದವಳೆಂದು ಸೊಸೆಯನ್ನು ದೂರುವ ಅತ್ತೆಯ ನ್ಯಾಯಕ್ಕೆ ಸಮವಾದದ್ದು. ವಲಸೆಗೆ ಮಿತಿಯನ್ನು ವಿಧಿಸುವ ಹಕ್ಕು ಪ್ರತಿಯೊಂದು ರಾಜ್ಯಕ್ಕೂ ಉಂಟು; ಅದರಲ್ಲಿ ವಿವಾದವಿಲ್ಲ. ಎಷ್ಟು ಜನರನ್ನು ಕರೆಯಬೇಕೆಂದು ನಿರ್ಧರಿಸುವುದು ಒಂದು, ಕರೆದವರನ್ನು ಅರ್ಧವಾಗಿ ಕರೆಯುವುದು ಮತ್ತೊಂದು. ಎರಡನೆಯದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ.

ದಾದಿಯರನ್ನೂ ಆರೈಕೆಯ ಕೆಲಸಗಾರರನ್ನೂ ಬೇರ್ಪಡಿಸುವ ಇದೇ ಗೆರೆಯನ್ನು ನೆರೆಯ ಐರ್ಲೆಂಡಿನಲ್ಲಿ ಬೇರೊಂದು ಬಗೆಯಲ್ಲಿ ಎಳೆದಿದ್ದಾರೆ. ಅಲ್ಲಿ ದಾದಿಯರಿಗೆ ‘ಕ್ರಿಟಿಕಲ್ ಸ್ಕಿಲ್ಸ್’ ಪರ್ಮಿಟ್ಟು: ಸಂಸಾರವನ್ನು ಕೂಡಲೇ ಕರೆಸಿಕೊಳ್ಳಬಹುದು, ಗಂಡನಿಗೋ ಹೆಂಡತಿಗೋ 2019ರಿಂದ ಪ್ರತ್ಯೇಕ ಪರ್ಮಿಟ್ಟಿಲ್ಲದೆ ದುಡಿಯುವ ಹಕ್ಕು. ಹೆಲ್ತ್‌ಕೇರ್ ಅಸಿಸ್ಟೆಂಟರಿಗೆ 2021ರಲ್ಲಿ ದೊರೆತದ್ದು ಸಾಮಾನ್ಯ ಪರ್ಮಿಟ್ಟು: ಕನಿಷ್ಠ ವಾರ್ಷಿಕ ಸಂಬಳ 27,000 ಯೂರೋ, ಒಂದು ವರ್ಷ ದುಡಿದ ಮೇಲೆ ಸಂಸಾರಕ್ಕಾಗಿ ಅರ್ಜಿ, ಅರ್ಜಿಗೆ ಆದಾಯದ ಪರೀಕ್ಷೆ. ಆ ಪರೀಕ್ಷೆಯ ಅಳತೆಗೋಲು, ಬಡ ಸಂಸಾರಗಳಿಗೆ ಸರ್ಕಾರ ಕೊಡುವ ಸಹಾಯಧನದ ಮಿತಿಯೇ ಆಗಿದ್ದು, ಮಕ್ಕಳ ಸಂಖ್ಯೆ ಏರಿದಂತೆ ಆ ಮಿತಿಯೂ ಏರುತ್ತದೆ. ಎಂದರೆ, ಪರ್ಮಿಟ್ಟಿಗೆ ಸಾಕೆಂದು ಸರ್ಕಾರವೇ ಗೊತ್ತುಮಾಡಿದ ಸಂಬಳ ಎರಡು ಮಕ್ಕಳ ತಾಯಿಗೆ ಮಕ್ಕಳನ್ನು ಕರೆಸಿಕೊಳ್ಳಲು ಸಾಲದು. ಮೈಗ್ರಂಟ್ ನರ್ಸಸ್ ಐರ್ಲೆಂಡ್ ಎಂಬ ಸಂಘಟನೆ ಈ ವಿಷಯವಾಗಿ ಸತತವಾಗಿ ದನಿಯೆತ್ತಿತು; ಅದರ ಮುಂಚೂಣಿಯಲ್ಲಿ ಭಾರತೀಯ ದಾದಿಯರು ಇದ್ದರು, ಅವರು ತಮ್ಮ ಹಕ್ಕಿಗಾಗಿ ಅಲ್ಲ, ತಮ್ಮ ಪಕ್ಕದಲ್ಲಿ ದುಡಿಯುವ ಅಸಿಸ್ಟೆಂಟರ ಹಕ್ಕಿಗಾಗಿ ನಿಂತರು. 2024ರ ಜನವರಿಯಿಂದ ಕನಿಷ್ಠ ಸಂಬಳ 30,000 ಯೂರೋಗೆ ಏರಿತು. ಅದೇ ವರ್ಷದ ಮೇ ತಿಂಗಳಲ್ಲಿ ಸಾಮಾನ್ಯ ಪರ್ಮಿಟ್ಟಿನವರ ಗಂಡ ಹೆಂಡಿರಿಗೂ ದುಡಿಯುವ ಹಕ್ಕು ದೊರೆಯಿತು. ಮಕ್ಕಳ ಲೆಕ್ಕದ ತೊಡಕು ಹಾಗೆಯೇ ಉಳಿಯಿತು.

ನಿಯಮ ಅನುಕೂಲವಾಗಿದ್ದಾಗಲೂ ಕಾಗದಪತ್ರದ ತೊಂದರೆ ನಮ್ಮ ಮನೆಗಳಲ್ಲಿಯೇ ಶುರುವಾಗುತ್ತದೆ. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ತವರಿನ ರೀತಿಯಲ್ಲಿ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ರೀತಿಯಲ್ಲಿ. ನಮ್ಮಲ್ಲಿ ಹೆಸರಿನ ಹಿಂದೆ ಮುಂದೆ ಊರಿನ, ತಂದೆಯ ಇನಿಷಿಯಲ್ ಇರುವುದು ವಾಡಿಕೆ. ಪಾಸ್‌ಪೋರ್ಟು ಉಪನಾಮ ಕೇಳುತ್ತದೆ. ಒಬ್ಬರು ಇನಿಷಿಯಲನ್ನು ಬಿಡಿಸಿ ಬರೆದಿರುತ್ತಾರೆ, ಇನ್ನೊಬ್ಬರು ಆ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ, ಮೂರನೆಯ ದಾಖಲೆಯಲ್ಲಿ ‘ಎಚ್.ಎಂ.’ ಎಂದಷ್ಟೇ ಇರುತ್ತದೆ. ಈ ಮೂರೂ ಒಬ್ಬಳೇ ಹೆಂಗಸೆಂದು ನಮಗೆ ಗೊತ್ತು, ಸಾವಿರಾರು ಮೈಲಿಯಾಚೆ ಅರ್ಜಿ ನೋಡುವ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಜನನ ಪತ್ರದಲ್ಲಿ ಮಗುವಿನ ಹೆಸರನ್ನೇ ಸೇರಿಸದೆ ಬಿಟ್ಟವರು ಇ-ಜನ್ಮ ದಾಖಲೆಯನ್ನು ತಿದ್ದಿಸಲು ತಾಲ್ಲೂಕು ಕಛೇರಿಗೆ ಅಲೆಯಬೇಕಾಗುತ್ತದೆ. ಮದುವೆಯನ್ನು ಛತ್ರದಲ್ಲಿ ಮಾಡಿ ನೋಂದಾಯಿಸದೆ ಇದ್ದವರು ಉಪನೋಂದಣಾಧಿಕಾರಿಯ ಕಛೇರಿಗೆ ಹೋಗಬೇಕಾಗುತ್ತದೆ. ಕ್ಷಯರೋಗ ಇಲ್ಲವೆಂಬ ಪ್ರಮಾಣಪತ್ರ ಸಂಸಾರದ ಪ್ರತಿಯೊಬ್ಬರಿಗೂ ಬೇಕು, ಅದರ ಆಯುಸ್ಸು ಆರು ತಿಂಗಳು. ಬ್ರಿಟನ್ನಿಗೆ ಹೋಗುವ ಸಂಗಾತಿಗೆ 285 ಪೌಂಡು, ಮೊದಲ ಮಗುವಿಗೆ 315, ಆಮೇಲಿನ ಒಂದೊಂದಕ್ಕೆ 200, ಇಷ್ಟು ಹಣ ಇಪ್ಪತ್ತೆಂಟು ದಿನ ಖಾತೆಯಲ್ಲಿ ಅಲುಗದೆ ಇದ್ದಿತೆಂದು ತೋರಿಸಬೇಕು, ಸ್ಪಾನ್ಸರ್ ಆ ಹೊಣೆಯನ್ನು ವಹಿಸಿಕೊಳ್ಳದಿದ್ದರೆ. ಮಗುವೊಂದು ಹೋಗಬೇಕಾದರೆ ತಂದೆತಾಯಿಗಳಿಬ್ಬರೂ ಅಲ್ಲಿರಬೇಕೆಂಬುದು ಸಾಮಾನ್ಯ ನಿಯಮ. ಗಂಡನನ್ನು ಬಿಟ್ಟು ಮಗುವನ್ನು ಮಾತ್ರ ಒಯ್ಯುವೆನೆಂಬ ತಾಯಿ, ಮಗುವಿನ ಸಂಪೂರ್ಣ ಹೊಣೆ ತನ್ನೊಬ್ಬಳದೇ ಎಂದು ಸಾಬೀತುಪಡಿಸಬೇಕಾಗುತ್ತದೆ, ಅದು ಸುಲಭವಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಸ್ಪಾನ್ಸರನೇ ಮುಳುಗುವುದು. ವೀಸಾ ಕೆಲಸಗಾರಳದಾದರೂ ಅದರ ಬೇರು ಮಾಲೀಕನ ಲೈಸೆನ್ಸಿನಲ್ಲಿದೆ. ಲೈಸೆನ್ಸು ರದ್ದಾದರೆ ಆಕೆಯ ವೀಸಾದ ಅವಧಿಯನ್ನು ಮೊಟಕುಗೊಳಿಸಿ, ಸಾಮಾನ್ಯವಾಗಿ 60 ದಿನಗಳೊಳಗೆ ಮತ್ತೊಬ್ಬ ಸ್ಪಾನ್ಸರನನ್ನು ಹುಡುಕಿಕೊಳ್ಳಬೇಕೆಂದು ಪತ್ರ ಬರುತ್ತದೆ. ಗಂಡನ, ಮಕ್ಕಳ ವೀಸಾಗಳೂ ಅದರೊಡನೆ ಅಲುಗುತ್ತವೆ. 2022ರ ಜುಲೈಯಿಂದ 2024ರ ಡಿಸೆಂಬರಿನವರೆಗೆ ಆರೈಕೆಯ ಕ್ಷೇತ್ರದಲ್ಲಿ 470ಕ್ಕೂ ಹೆಚ್ಚು ಲೈಸೆನ್ಸುಗಳು ರದ್ದಾದವು. ವಲಸೆ ವ್ಯವಸ್ಥೆಯ ಸ್ವತಂತ್ರ ತನಿಖಾಧಿಕಾರಿಯಾಗಿದ್ದ ಡೇವಿಡ್ ನೀಲ್ ಅವರ, 2024ರ ಮಾರ್ಚಿನಲ್ಲಿ ಪ್ರಕಟವಾದ ವರದಿಯಲ್ಲಿ ಒಂದು ಸಂಗತಿಯಿದೆ: ಅಸ್ತಿತ್ವದಲ್ಲಿಯೇ ಇಲ್ಲದ ಒಂದು ಕೇರ್ ಹೋಮಿಗೆ ಗೃಹಖಾತೆ 275 ಸಿ.ಓ.ಎಸ್.ಗಳನ್ನು ಮಂಜೂರು ಮಾಡಿದ್ದಿತು. ಇಲ್ಲದ ಮನೆಯ ಇಲ್ಲದ ಹಾಸಿಗೆಗಳನ್ನು ನಂಬಿ ಹೊರಟ ನಿಜವಾದ ಜನರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದುದರಿಂದ ಹೊರಡುವ ಮುನ್ನ ಮಾಡಬೇಕಾದ ವಿಚಾರಣೆಗಳುಂಟು. ಲೈಸೆನ್ಸು ಹೊಂದಿದ ಸ್ಪಾನ್ಸರರ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ ಬಹಿರಂಗವಾಗಿ ಪ್ರಕಟಿಸುತ್ತದೆ. ಇಂಗ್ಲೆಂಡಿನ ಕೇರ್ ಹೋಮು ಕೇರ್ ಕ್ವಾಲಿಟಿ ಕಮಿಷನ್ನಿನಲ್ಲಿ ನೋಂದಣಿಯಾಗಿದೆಯೇ ಎಂಬುದನ್ನೂ ಯಾರಾದರೂ ನೋಡಬಹುದು. ಲೈಸೆನ್ಸಿನ ಮತ್ತು ಸಿ.ಓ.ಎಸ್.ನ ಶುಲ್ಕವನ್ನು ಮಾಲೀಕ ಕೆಲಸಗಾರರಿಂದ ವಸೂಲು ಮಾಡಕೂಡದೆಂದು 2024ರ ಡಿಸೆಂಬರ್ 31ರಿಂದ ಅಲ್ಲಿ ನಿಯಮವಾಗಿದೆ. ನಮ್ಮ ಕೇಂದ್ರ ಸರ್ಕಾರದ ನಿಯಮದಂತೆ ನೋಂದಾಯಿತ ಏಜೆಂಟನು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.; ಏಜೆಂಟನು ನೋಂದಾಯಿತನೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲಿ ತಿಳಿಯಬಹುದು. ಲಕ್ಷಗಳ ಮಾತೆತ್ತುವವನು, ಹಣವನ್ನು ರಶೀದಿಯಿಲ್ಲದೆ ಕೇಳುವವನು, ‘ಮೊದಲು ಕೇರ್ ವರ್ಕರಾಗಿ ಹೋಗಮ್ಮ, ಆರು ತಿಂಗಳಲ್ಲಿ ನರ್ಸ್ ಆಗುತ್ತೀ, ಗಂಡ ಮಕ್ಕಳನ್ನು ಆಮೇಲೆ ಕಳಿಸುವ ಜವಾಬ್ದಾರಿ ನನ್ನದು’ ಎನ್ನುವವನು, ಇಂಥವನ ಮನೆಯ ಮೆಟ್ಟಿಲನ್ನು ಹತ್ತಬಾರದು.

ಗಂಡ ಹೆಂಡಿರು ಮಕ್ಕಳ ಮಾತಾಯಿತು. ವೃದ್ಧರಾದ ತಂದೆತಾಯಿಗಳ ಮಾತು ಇನ್ನೂ ಕಠಿಣ. ಬ್ರಿಟನ್ನಿನ ನಿಯಮದಲ್ಲಿ ಅವರು ಕೆಲಸದ ವೀಸಾದ ಅವಲಂಬಿತರಲ್ಲಿ ಸೇರುವುದೇ ಇಲ್ಲ. ಮಗಳು ಅಲ್ಲಿ ಖಾಯಂ ನೆಲೆಯ ಹಕ್ಕನ್ನೋ ಪೌರತ್ವವನ್ನೋ ಪಡೆದ ಮೇಲೆ ಕರೆಸಿಕೊಳ್ಳಬಹುದೆಂದರೂ, 2012ರ ಜುಲೈಯಿಂದ ಅದಕ್ಕಿರುವ ಷರತ್ತು ಹೀಗಿದೆ: ವೃದ್ಧರಿಗೆ ದೈನಂದಿನ ಕೃತ್ಯಗಳಿಗೂ ದೀರ್ಘಕಾಲದ ಆರೈಕೆ ಬೇಕಾಗಿರಬೇಕು, ಆ ಆರೈಕೆ ಮಗಳು ಕಳಿಸುವ ಹಣದಿಂದಲೂ ತಾಯ್ನಾಡಿನಲ್ಲಿ ದೊರೆಯದಂತಿರಬೇಕು. ಬೆಂಗಳೂರಿನಲ್ಲೋ ಉಡುಪಿಯಲ್ಲೋ ದುಡ್ಡು ಕೊಟ್ಟರೆ ಹೋಮ್ ನರ್ಸ್ ಸಿಗುತ್ತಾಳೆ. ಆದ್ದರಿಂದ ಅರ್ಜಿ ಬಿದ್ದುಹೋಗುತ್ತದೆ. ಪರದೇಶದ ವೃದ್ಧರ ಗಂಟಲಿಗೆ ಗುಟುಕು ಗುಟುಕಾಗಿ ಚಹಾ ಇಳಿಸುವವಳು ತನ್ನ ತಾಯಿಯ ಔಷಧದ ಹೊತ್ತನ್ನು ವಿಡಿಯೋ ಕಾಲಿನಲ್ಲಿ ಅಣ್ಣನ ಹೆಂಡತಿಗೆ ನೆನಪಿಸುತ್ತಾಳೆ. ‘ಅತ್ತಿಗೆ, ಅಮ್ಮನ ಬಿ.ಪಿ. ಮಾತ್ರೆ ಕೊಟ್ಟಿರಾ?’ ಎಂಬ ಪ್ರಶ್ನೆ ಎಷ್ಟು ಮನೆಗಳ ಮೊಬೈಲಿನಲ್ಲಿ ದಿನವೂ ಕೇಳಿಬರುತ್ತದೆಯೋ ಯಾರು ಬಲ್ಲರು.

ಸರ್ಕಾರ ಬದಲಾದರೆ ನೀತಿ ಸಡಿಲವಾದೀತೆಂದು ನಂಬಿದವರಿಗೆ ನಿರಾಶೆಯಾಯಿತು. 2025ರ ಮೇ 12ರಂದು ಲೇಬರ್ ಸರ್ಕಾರ ಶ್ವೇತಪತ್ರವೊಂದನ್ನು ಹೊರಡಿಸಿ, ಆ ವರ್ಷದ ಜುಲೈ 22ರಿಂದ ಹೊರದೇಶದಿಂದ ಕೇರ್ ವರ್ಕರನ್ನು ಹೊಸದಾಗಿ ಕರೆಸಿಕೊಳ್ಳುವುದನ್ನೇ ನಿಲ್ಲಿಸಿತು. ಈಗಾಗಲೇ ಅಲ್ಲಿರುವವರು ವೀಸಾ ಮುಂದುವರಿಸಲೂ, ಬೇರೆ ವೀಸಾದಿಂದ ಈ ಕೆಲಸಕ್ಕೆ ಬದಲಾಗಲೂ 2028ರ ಜುಲೈ 22ರವರೆಗೆ ಅವಕಾಶವಿರಿಸಿತು. ಇದಾದ ಮೇಲೆ 2025ರ ನವೆಂಬರಿನಲ್ಲಿ ಗೃಹಮಂತ್ರಿ ಶಬಾನಾ ಮಹಮೂದ್ ಅವರು ಮತ್ತೊಂದು ಪ್ರಸ್ತಾವವನ್ನು ಮುಂದಿಟ್ಟರು: ಖಾಯಂ ನೆಲೆಯ ಹಕ್ಕಿಗೆ ಇದ್ದ ಐದು ವರ್ಷದ ಅವಧಿ ಸಾಮಾನ್ಯವಾಗಿ ಹತ್ತು ವರ್ಷವಾಗಬೇಕು; ಆರೈಕೆಯ ಕೆಲಸದಂಥ, ಪದವಿಮಟ್ಟಕ್ಕಿಂತ ಕೆಳಗಿನದೆಂದು ಎಣಿಸಿದ ವೃತ್ತಿಗಳವರಿಗೆ ಹದಿನೈದು; ಈಗಾಗಲೇ ಬಂದು ದುಡಿಯುತ್ತಿರುವವರಿಗೂ ಅದು ಅನ್ವಯಿಸಬೇಕು. ಖಾಯಂ ನೆಲೆ ದೊರೆಯುವವರೆಗೆ ಸ್ಪಾನ್ಸರನ ಹಿಡಿತ ತಪ್ಪದು, ಮುನಿಸಿಕೊಂಡ ಮಾಲೀಕನ ಬಳಿಯೇ ಇರಬೇಕಾದ ಪಾಡು ತಪ್ಪದು, ದೂರದಲ್ಲಿ ಉಳಿದ ಗಂಡನನ್ನೋ ಮಗುವನ್ನೋ ಸ್ವಂತ ಹಕ್ಕಿನಿಂದ ಕರೆಸಿಕೊಳ್ಳುವ ದಿನವೂ ಬಾರದು.

ಯೂನಿಸನ್ ಎಂಬ ಕಾರ್ಮಿಕ ಸಂಘವೂ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಸಂಸ್ಥೆಯೂ ಇದನ್ನು ವಿರೋಧಿಸಿವೆ. ವಿರೋಧದ ಅತಿ ಬಲವಾದ ಅಂಶ, ನನ್ನ ಅಭಿಪ್ರಾಯದಲ್ಲಿ, ಹಿಂದಿನವರ ಮೇಲೆ ಹೊಸ ನಿಯಮವನ್ನು ಹೇರುವುದಕ್ಕೆ ಸಂಬಂಧಿಸಿದ್ದು. 2022ರಲ್ಲಿ ಹೊರಟವಳು ಅಂದಿನ ನಿಯಮವನ್ನು ಓದಿ, ಐದು ವರ್ಷವೆಂದು ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ಸಾಲದ ಕಂತನ್ನೂ ಮಕ್ಕಳ ಶಾಲೆಯನ್ನೂ ನಿರ್ಧರಿಸಿಕೊಂಡವಳು. ಕರೆದ ಸರ್ಕಾರ ಅಂದು ಕೊಟ್ಟ ಮಾತು ಅದು, ಆಕೆ ತನ್ನ ಕಡೆಯ ಮಾತನ್ನು ಪಾಳಿಪಾಳಿಯಾಗಿ ನಡೆಸಿಕೊಟ್ಟಿದ್ದಾಳೆ. ಅವಧಿಯನ್ನು ಹೆಚ್ಚಿಸಲೇಬೇಕೆಂದಿದ್ದರೆ, ಹೆಚ್ಚಿಸುವ ದಿನದ ನಂತರ ಅರ್ಜಿ ಹಾಕುವವರಿಗೆ ಅದು ಅನ್ವಯಿಸಲಿ; ಅದಕ್ಕೆ ಮುಂಚೆ ಬಂದವರ ಐದು ವರ್ಷ ಐದಾಗಿಯೇ ಉಳಿಯಲಿ.